ಪಿಆರ್‌ಪಿ ಚುಚ್ಚಿಸಿಕೊಂಡರೆ ಎಷ್ಟು ಕೂದಲು ಬರುತ್ತದೆ?

ಬೆಂಗಳೂರಿನಲ್ಲಿ ಕೂದಲು ಉದುರಿದರೆ ಮೊದಲ ಆರೋಪಿ ನೀರು. ಊರಿಂದ ಬಂದು ಪಿಜಿ ಸೇರಿದವರು ಬೋರ್‌ವೆಲ್ ನೀರನ್ನು ಬೈಯುತ್ತಾರೆ. ಷವರ್‌ಗೆ ಫಿಲ್ಟರ್ ಹಾಕಿಸುತ್ತಾರೆ, ಎಣ್ಣೆ ಬದಲಾಯಿಸುತ್ತಾರೆ, ಶಾಂಪೂ ಬದಲಾಯಿಸುತ್ತಾರೆ. ಯಾವುದೂ ಕೆಲಸಕ್ಕೆ ಬಾರದಿದ್ದಾಗ ಫೋನ್ ತೆಗೆದು ಹುಡುಕುತ್ತಾರೆ. ಒಂದು ಸಲ ಹುಡುಕಿದರೆ ಮುಗಿಯಿತು, ಮರುದಿನದಿಂದ ಜಾಹೀರಾತುಗಳೇ ಬೆನ್ನು ಹತ್ತುತ್ತವೆ. ಪಿಆರ್‌ಪಿ, ಆರು ಸಿಟ್ಟಿಂಗ್, ನಿಮ್ಮದೇ ರಕ್ತ, ಸೈಡ್ ಎಫೆಕ್ಟ್ ಇಲ್ಲ, ಇಎಂಐ ಕೂಡ ಇದೆ. ಪಿಆರ್‌ಪಿ ಅಂದರೆ ಪ್ಲೇಟ್‌ಲೆಟ್ ರಿಚ್ ಪ್ಲಾಸ್ಮಾ, ನಿಮ್ಮ ರಕ್ತದಿಂದಲೇ ಬೇರ್ಪಡಿಸಿದ, ಪ್ಲೇಟ್‌ಲೆಟ್ ಕಣಗಳು ಹೆಚ್ಚಿರುವ ದ್ರವ. ಅದನ್ನು ತಲೆಯ ಚರ್ಮಕ್ಕೆ ಚುಚ್ಚುತ್ತಾರೆ.

ನೀರಿನ ವಿಷಯ ಮೊದಲೇ ಮುಗಿಸಿಬಿಡೋಣ. ಗಡಸು ನೀರಿನಿಂದ ಕೂದಲು ಒರಟಾಗಬಹುದು, ಸಿಕ್ಕಾಗಬಹುದು, ಬಾಚುವಾಗ ತುಂಡಾಗಬಹುದು. ಆದರೆ ಹಣೆ ಮೇಲಕ್ಕೆ ಸರಿಯುವುದಕ್ಕೂ ನೆತ್ತಿ ಬೋಳಾಗುವುದಕ್ಕೂ ನೀರು ಕಾರಣವಲ್ಲ. ಊರು ಬಿಟ್ಟು ಕೆಲಸಕ್ಕೆ ಸೇರುವ ವಯಸ್ಸು, ವಂಶದಿಂದ ಬರುವ ಬೋಳು ಶುರುವಾಗುವ ವಯಸ್ಸು, ಎರಡೂ ಇಪ್ಪತ್ತರ ಆಸುಪಾಸು. ಹಾಗಾಗಿ ತಪ್ಪು ಕಾವೇರಿಯ ಮೇಲೋ ಬೋರ್‌ವೆಲ್ ಮೇಲೋ ಬೀಳುತ್ತದೆ.

ಇನ್ನು ಪಿಆರ್‌ಪಿ. ಇದು ಪೂರ್ತಿ ಬುರುಡೆಯೇನಲ್ಲ. ಕೆಲವರಿಗೆ, ಕೆಲವು ಬಗೆಯ ಉದುರುವಿಕೆಯಲ್ಲಿ, ಸರಿಯಾಗಿ ಮಾಡಿದಾಗ, ಸ್ವಲ್ಪ ಮಟ್ಟಿಗೆ ಕೆಲಸ ಮಾಡುತ್ತದೆ. ಕ್ಲಿನಿಕ್ಕಿನಲ್ಲಿ ಕೂತು ಪ್ಯಾಕೇಜ್ ಮಾರುವವರು ಈ ವಾಕ್ಯದ ಕೊನೆಯ ಎರಡು ಪದ ಮಾತ್ರ ಹೇಳುತ್ತಾರೆ. ಉಳಿದದ್ದು ಏನು ಅನ್ನುವುದು ಗೊತ್ತಿದ್ದರೆ ದುಡ್ಡು ಕೊಡಬೇಕೋ ಬೇಡವೋ ಎಂದು ನೀವೇ ತೀರ್ಮಾನಿಸಬಹುದು.

ಕುರ್ಚಿಯಲ್ಲಿ ಕೂತಾಗ ಏನಾಗುತ್ತದೆ

ಪ್ಲೇಟ್‌ಲೆಟ್ ನಮಗೆ ಹೊಸದಲ್ಲ. ಮನೆಯಲ್ಲಿ ಯಾರಿಗಾದರೂ ಡೆಂಗಿ ಬಂದರೆ ಸಾಕು, ಎಲ್ಲರೂ ದಿನಾ ಅದರ ಲೆಕ್ಕ ಹಿಡಿದು ಕೂರುತ್ತಾರೆ, ಒಬ್ಬರು ಪಪ್ಪಾಯಿ ಎಲೆ ತರಲು ಓಡುತ್ತಾರೆ. ಆರೋಗ್ಯವಾಗಿರುವವರ ಒಂದು ಮೈಕ್ರೋಲೀಟರ್ ರಕ್ತದಲ್ಲಿ ಸುಮಾರು 1.5 ಲಕ್ಷದಿಂದ 4.5 ಲಕ್ಷ ಪ್ಲೇಟ್‌ಲೆಟ್ ಇರುತ್ತವೆ. ಗಾಯವಾದಾಗ ರಕ್ತ ಹೆಪ್ಪುಗಟ್ಟಿಸುವುದು ಅವುಗಳ ಮೊದಲ ಕೆಲಸ. ಜೊತೆಗೆ ಗಾಯ ಮಾಯಲು ಬೇಕಾದ ಗ್ರೋತ್ ಫ್ಯಾಕ್ಟರ್‌ಗಳನ್ನೂ ಅವು ತಮ್ಮೊಳಗೆ ಇಟ್ಟುಕೊಂಡಿರುತ್ತವೆ. ಇವು ಹೊಸ ರಕ್ತನಾಳ ಬೆಳೆಯುವುದಕ್ಕೆ, ಜೀವಕೋಶಗಳು ವಿಭಜನೆಯಾಗುವುದಕ್ಕೆ ಸೂಚನೆ ಕೊಡುವ ಪ್ರೋಟೀನುಗಳು. ಅದೇ ಸೂಚನೆಯನ್ನು ಕೂದಲ ಬೇರಿಗೆ ಕೊಟ್ಟರೆ ಹೇಗೆ ಅನ್ನುವುದೇ ಪಿಆರ್‌ಪಿಯ ಹಿಂದಿನ ಯೋಚನೆ.

ಯೋಚನೆ ಹುಟ್ಟಿದ್ದು ಕೂದಲಿಗಾಗಿ ಅಲ್ಲ. 1970ರ ದಶಕದಲ್ಲಿ ಪ್ಲೇಟ್‌ಲೆಟ್ ಕಡಿಮೆಯಾದ ರೋಗಿಗಳಿಗೆ ಕೊಡಲು ಇಂಥ ಪ್ಲಾಸ್ಮಾ ತಯಾರಿಸುತ್ತಿದ್ದರು. ಆಮೇಲೆ ಹೃದಯದ ಆಪರೇಷನ್‌ಗೆ ಬಂತು. 1998ರಲ್ಲಿ ಅಮೆರಿಕದ ದವಡೆ ಸರ್ಜನ್ ರಾಬರ್ಟ್ ಮಾರ್ಕ್ಸ್ ಮತ್ತವರ ತಂಡ ದವಡೆಗೆ ಮೂಳೆ ಕಸಿ ಮಾಡುವಾಗ ಇದನ್ನು ಬಳಸಿದ ಮೇಲೆ ಹೆಸರು ಹರಡಿತು. ಆಟಗಾರರ ಮೊಣಕಾಲು, ಮೊಣಕೈಗೆ ಚುಚ್ಚುವುದು ಶುರುವಾಯಿತು. ಕೂದಲಿಗೆ ಬಂದದ್ದು ತಡವಾಗಿ. 2006ರಲ್ಲಿ ಬ್ರೆಜಿಲ್‌ನ ಕಾರ್ಲೋಸ್ ಉಬೆಲ್ ಕೂದಲು ಕಸಿ ಮಾಡುವ ಮೊದಲು ಕಸಿಯ ಬೇರುಗಳನ್ನು ಪ್ಲೇಟ್‌ಲೆಟ್ ಪ್ಲಾಸ್ಮಾದಲ್ಲಿಟ್ಟು ನೋಡಿದರು. ಹಾಗೆ ಮಾಡಿದ ಕಡೆ ಹೆಚ್ಚು ಕೂದಲು ಉಳಿಯಿತು.

ಈಗ ಕ್ಲಿನಿಕ್‌ಗಳಲ್ಲಿ ಮಾಡುವ ಕ್ರಮ ಸರಳ. ತೋಳಿನಿಂದ ಸಾಮಾನ್ಯವಾಗಿ 20ರಿಂದ 30 ಎಂಎಲ್ ರಕ್ತ ತೆಗೆಯುತ್ತಾರೆ. ಹೆಪ್ಪುಗಟ್ಟದಂತೆ ಸಿಟ್ರೇಟ್ ಇರುವ ಟ್ಯೂಬಿಗೆ ಹಾಕಿ ಸೆಂಟ್ರಿಫ್ಯೂಜ್ ಯಂತ್ರದಲ್ಲಿ ತಿರುಗಿಸುತ್ತಾರೆ. ಕೆಂಪು ರಕ್ತಕಣಗಳು ತಳ ಸೇರುತ್ತವೆ. ಮೇಲಿನದನ್ನು ಬೇರೆ ಟ್ಯೂಬಿಗೆ ತೆಗೆದು ಇನ್ನೊಮ್ಮೆ, ಇನ್ನೂ ವೇಗವಾಗಿ ತಿರುಗಿಸುತ್ತಾರೆ. ಕೊನೆಗೆ ಉಳಿಯುವುದು ನಾಲ್ಕೈದು ಎಂಎಲ್ ಹಳದಿ ದ್ರವ. ಅದನ್ನು ಸಣ್ಣ ಸೂಜಿಯಿಂದ ಸುಮಾರು ಒಂದು ಸೆಂಟಿಮೀಟರ್ ಅಂತರದಲ್ಲಿ ತಲೆಯ ಚರ್ಮಕ್ಕೆ ಹನಿಹನಿಯಾಗಿ ಚುಚ್ಚುತ್ತಾರೆ. ಎಲ್ಲ ಸೇರಿ ಒಂದು ಗಂಟೆಯ ಕೆಲಸ.

ನೋವಾಗುತ್ತದೆ. ‘ಇರುವೆ ಕಚ್ಚಿದ ಹಾಗೆ’ ಎಂದು ಸಮಾಧಾನ ಹೇಳುತ್ತಾರೆ, ನಂಬಬೇಡಿ. ಹಣೆಯ ಅಂಚು ಮತ್ತು ನೆತ್ತಿಯ ಮೇಲೆ ಹತ್ತಾರು ಚುಚ್ಚು ಬೀಳುತ್ತವೆ, ಅದೂ ಮೂಳೆಗೆ ಅಂಟಿಕೊಂಡ ಚರ್ಮದಲ್ಲಿ. ಮರಗಟ್ಟಿಸುವ ಕ್ರೀಮು, ಐಸು, ಕೆಲವು ಕಡೆ ನರಕ್ಕೆ ಇಂಜೆಕ್ಷನ್ ಕೊಟ್ಟು ನೋವು ತಗ್ಗಿಸುತ್ತಾರೆ. ಸಂಜೆಗೆ ತಲೆ ಭಾರ, ಒಂದೆರಡು ದಿನ ಚರ್ಮ ಮುಟ್ಟಿದರೆ ನೋವು, ಕೆಲವರಿಗೆ ಹಣೆಯಲ್ಲಿ ಊತ. ಅಷ್ಟೇ. ಮರುದಿನ ಕೆಲಸಕ್ಕೆ ಹೋಗಬಹುದು.

ಟ್ಯೂಬಿನೊಳಗೆ ಇರುವುದೇನು

ಪಿಆರ್‌ಪಿಯ ಅಸಲಿ ತೊಡಕು ಇಲ್ಲಿದೆ. ಮಾತ್ರೆ ತಗೊಂಡರೆ ಅದರ ಮೇಲೆ ಇಷ್ಟು ಮಿಲಿಗ್ರಾಂ ಎಂದು ಬರೆದಿರುತ್ತದೆ. ಪಿಆರ್‌ಪಿಗೆ ಅಂಥ ಬರಹ ಇಲ್ಲ. ಫಿಲ್ಟರ್ ಕಾಫಿ ಡಿಕಾಕ್ಷನ್ ಇದ್ದ ಹಾಗೆ ಇದು. ಎಲ್ಲರ ಮನೆಯಲ್ಲೂ ಹೆಸರು ಒಂದೇ, ಒಬ್ಬರದು ಗಟ್ಟಿ, ಇನ್ನೊಬ್ಬರದು ನೀರು ನೀರು.

ರಕ್ತದಲ್ಲಿ ಇರುವುದಕ್ಕಿಂತ ಮೂರರಿಂದ ಐದು ಪಟ್ಟು ಪ್ಲೇಟ್‌ಲೆಟ್ ಇರಬೇಕು, ಮೈಕ್ರೋಲೀಟರ್‌ಗೆ ಸುಮಾರು 10 ಲಕ್ಷ ಆದರೂ ಬೇಕು ಎನ್ನುವುದು ಸಾಮಾನ್ಯವಾಗಿ ಒಪ್ಪಿಕೊಂಡಿರುವ ಅಂದಾಜು. ಎಷ್ಟು ವೇಗದಲ್ಲಿ ಎಷ್ಟು ನಿಮಿಷ ತಿರುಗಿಸಿದರು, ಎಷ್ಟು ರಕ್ತ ತೆಗೆದರು, ಯಾವ ಪದರವನ್ನು ಎಳೆದುಕೊಂಡರು ಅನ್ನುವುದರ ಮೇಲೆ ಈ ಲೆಕ್ಕ ಬದಲಾಗುತ್ತದೆ. ಎಂಟು ಹತ್ತು ಎಂಎಲ್ ರಕ್ತ ತೆಗೆದು, ಒಂದೇ ಸಲ ತಿರುಗಿಸಿ, ಮೇಲೆ ಕಂಡ ಹಳದಿ ನೀರನ್ನೆಲ್ಲ ಚುಚ್ಚಿ ಕಳಿಸಿದರೆ ಅದರಲ್ಲಿ ಪ್ಲೇಟ್‌ಲೆಟ್ ರಕ್ತದಲ್ಲಿರುವುದಕ್ಕಿಂತ ಹೆಚ್ಚೇನೂ ಇಲ್ಲದೆಯೂ ಇರಬಹುದು. ನೋಡಿದರೆ ಎರಡೂ ಹಳದಿ. ರೋಗಿಗೆ ತಿಳಿಯುವುದಿಲ್ಲ. ಹೆಚ್ಚಿನ ಕಡೆ ಚುಚ್ಚುವ ಮೊದಲು ಯಾರೂ ಎಣಿಸುವುದೂ ಇಲ್ಲ.

ಅಧ್ಯಯನಗಳ ಫಲಿತಾಂಶ ಒಂದಕ್ಕೊಂದು ತಾಳೆಯಾಗದಿರುವುದಕ್ಕೂ ಇದೇ ದೊಡ್ಡ ಕಾರಣ. 2015ರಲ್ಲಿ ಪ್ರಕಟವಾದ, ಇಟಲಿಯ ಪಿಯೆತ್ರೊ ಜೆಂಟೀಲೆ ಮತ್ತು ಜೊತೆಗಾರರ ಅಧ್ಯಯನವನ್ನು ಜಾಹೀರಾತುಗಳೂ ಎತ್ತಿ ತೋರಿಸುತ್ತವೆ. 20 ಜನರಿಗೆ ತಲೆಯ ಅರ್ಧ ಭಾಗಕ್ಕೆ ಪಿಆರ್‌ಪಿ, ಇನ್ನರ್ಧಕ್ಕೆ ಬರೀ ಸಲೈನ್. ಮೂರು ಸಲ ಚುಚ್ಚಿದ ಮೇಲೆ ಪಿಆರ್‌ಪಿ ಕಡೆಯಲ್ಲಿ ಚದರ ಸೆಂಟಿಮೀಟರ್‌ಗೆ ಸರಾಸರಿ 45.9 ಕೂದಲು ಹೆಚ್ಚಾಯಿತು. ಒಳ್ಳೆಯ ಅಂಕಿ. ಅದೇ ಅಧ್ಯಯನದಲ್ಲಿ ಇನ್ನೊಂದು ಮಾತೂ ಇದೆ, ಅದನ್ನು ಯಾರೂ ಬೋರ್ಡಿಗೆ ಹಾಕುವುದಿಲ್ಲ. ಒಂದು ವರ್ಷದ ನಂತರ ನಾಲ್ವರಿಗೆ ಮತ್ತೆ ಉದುರತೊಡಗಿತು, ಅವರಿಗೆ ಪುನಃ ಚುಚ್ಚಬೇಕಾಯಿತು.

2016ರಲ್ಲಿ ಇರಾನಿನಲ್ಲಿ ಬೋಳಾಗುತ್ತಿದ್ದ ಗಂಡಸರ ಮೇಲೆ ಮಾಡಿದ ಅಧ್ಯಯನದಲ್ಲಿ ಪಿಆರ್‌ಪಿಗೂ ಸಲೈನಿಗೂ ವ್ಯತ್ಯಾಸವೇ ಕಾಣಲಿಲ್ಲ. ಅಲ್ಲಿ ಚುಚ್ಚಿದ್ದು ಎರಡೇ ಸಲ. ಅದೇ ವರ್ಷ 26 ಹೆಂಗಸರ ಮೇಲೆ ನಡೆದ ಇನ್ನೊಂದರಲ್ಲೂ ಕೂದಲ ಎಣಿಕೆ ಹೇಳಿಕೊಳ್ಳುವಷ್ಟು ಏರಲಿಲ್ಲ. ಅಲ್ಲಿ ಚುಚ್ಚಿದ್ದು ಒಂದೇ ಸಲ. ಆಮೇಲೆ ಬಂದ ಅಧ್ಯಯನಗಳನ್ನೆಲ್ಲ ಒಟ್ಟು ಸೇರಿಸಿ ನೋಡಿದಾಗ ಸಿಗುವ ಚಿತ್ರ ಹೀಗಿದೆ: ವಂಶದಿಂದ ಬರುವ ಉದುರುವಿಕೆಯಲ್ಲಿ, ತಿಂಗಳಿಗೊಂದರಂತೆ ಕನಿಷ್ಠ ಮೂರು ಸಿಟ್ಟಿಂಗ್ ಆದರೆ, ಕೂದಲ ದಟ್ಟಣೆ ಸರಾಸರಿಯಲ್ಲಿ ಹೆಚ್ಚುತ್ತದೆ. ಆದರೆ ಅಧ್ಯಯನಗಳಲ್ಲಿ ಹೆಚ್ಚಿನವು ಚಿಕ್ಕವು. ಇಪ್ಪತ್ತು, ಮೂವತ್ತು, ನಲವತ್ತು ಜನ. ಒಂದೊಂದರಲ್ಲಿ ಪಿಆರ್‌ಪಿ ತಯಾರಿಸಿದ ಕ್ರಮವೂ ಒಂದೊಂದು. ಐದು ವರ್ಷ, ಹತ್ತು ವರ್ಷ ಬೆನ್ನತ್ತಿ ನೋಡಿದ ದೊಡ್ಡ ಅಧ್ಯಯನ ಕೈಗೆ ಸಿಗುವುದಿಲ್ಲ.

ಸೂಜಿಯದೂ ಒಂದು ಪಾಲಿರಬಹುದು, ಅದನ್ನು ಮರೆಯುವ ಹಾಗಿಲ್ಲ. ಮುಂಬೈನ ಚರ್ಮವೈದ್ಯೆ ರಚಿತಾ ಧುರತ್ ಮತ್ತು ತಂಡ 2013ರಲ್ಲಿ 100 ಗಂಡಸರ ಮೇಲೆ ಮಾಡಿದ ಅಧ್ಯಯನ ಹೆಸರುವಾಸಿ. ಅರ್ಧ ಜನಕ್ಕೆ ತಲೆಗೆ ಹಚ್ಚುವ ಔಷಧಿ ಮಿನಾಕ್ಸಿಡಿಲ್ ಮಾತ್ರ. ಉಳಿದರ್ಧಕ್ಕೆ ಮಿನಾಕ್ಸಿಡಿಲ್ ಜೊತೆ ವಾರಕ್ಕೊಮ್ಮೆ ತಲೆಗೆ ಸಣ್ಣ ಸೂಜಿಗಳ ರೋಲರ್. ಹನ್ನೆರಡು ವಾರಕ್ಕೆ ಮೊದಲ ಗುಂಪಿನಲ್ಲಿ ಗುರುತು ಹಾಕಿದ ಜಾಗದಲ್ಲಿ ಸರಾಸರಿ 22 ಕೂದಲು ಹೆಚ್ಚಾದರೆ, ಎರಡನೆಯದರಲ್ಲಿ 91. ರಕ್ತ ತೆಗೆಯದೆ, ಪ್ಲೇಟ್‌ಲೆಟ್ ಇಲ್ಲದೆ ಬಂದ ಫಲ ಇದು. ಚರ್ಮಕ್ಕೆ ಸಣ್ಣ ಗಾಯವಾದರೆ ದೇಹವೇ ಅಲ್ಲಿಗೆ ತನ್ನ ಪ್ಲೇಟ್‌ಲೆಟ್ ಕಳಿಸುತ್ತದೆ, ಅಲ್ವಾ? ಪಿಆರ್‌ಪಿ ಮತ್ತು ರೋಲರ್ ಎರಡನ್ನೂ ಒಂದೇ ದಿನ ಮಾಡುವ ಕ್ಲಿನಿಕ್‌ಗಳಲ್ಲಿ ಬಂದ ಕೂದಲಿನ ಶ್ರೇಯಸ್ಸು ಯಾವುದಕ್ಕೆ ಎಂದು ಯಾರೂ ಹೇಳಲಾರರು. ಬಿಲ್ ಮಾತ್ರ ಎರಡಕ್ಕೂ ಬರುತ್ತದೆ.

ತುಂಬ ಖುಷಿಪಡುವವರು ಯಾರು

ಪಿಆರ್‌ಪಿಯಿಂದ ಜೀವ ಬಂದ ಹಾಗಾಯಿತು, ತಲೆ ತುಂಬ ಕೂದಲು ಬಂತು ಎಂದು ಹೇಳುವವರಲ್ಲಿ ಒಂದಷ್ಟು ಜನಕ್ಕೆ ಪಿಆರ್‌ಪಿ ಬೇಕಾಗಿಯೇ ಇರಲಿಲ್ಲ ಅನ್ನುವುದು ನನ್ನ ಗಟ್ಟಿ ಅನುಮಾನ. ಯಾಕೆ ಅಂತ ಹೇಳುತ್ತೇನೆ.

ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲಿರುತ್ತದೆ. ಒಂದೊಂದೂ ಕೆಲವು ವರ್ಷ ಬೆಳೆಯುತ್ತದೆ, ಆಮೇಲೆ ಸುಮಾರು ಮೂರು ತಿಂಗಳು ಬೆಳವಣಿಗೆ ನಿಲ್ಲಿಸಿ ಸುಮ್ನೆ ಇರುತ್ತದೆ, ಕೊನೆಗೆ ಉದುರುತ್ತದೆ. ಅದೇ ಬೇರಿನಿಂದ ಹೊಸದು ಹುಟ್ಟುತ್ತದೆ. ದಿನಕ್ಕೆ 50ರಿಂದ 100 ಕೂದಲು ಹೋಗುವುದು ಲೆಕ್ಕದೊಳಗೇ ಇದೆ. ಆದರೆ ದೇಹಕ್ಕೆ ದೊಡ್ಡ ಪೆಟ್ಟು ಬಿದ್ದಾಗ ಬೆಳೆಯುತ್ತಿದ್ದ ಕೂದಲುಗಳಲ್ಲಿ ಬಹಳಷ್ಟು ಒಟ್ಟಿಗೇ ಬೆಳವಣಿಗೆ ನಿಲ್ಲಿಸುತ್ತವೆ. ಡೆಂಗಿ, ಟೈಫಾಯ್ಡ್, ಕೋವಿಡ್, ಹೆರಿಗೆ, ದೊಡ್ಡ ಆಪರೇಷನ್, ಊಟ ಬಿಟ್ಟು ತಿಂಗಳಲ್ಲಿ ಹತ್ತು ಕೆಜಿ ಇಳಿಸುವ ಸಾಹಸ, ಯಾವುದಾದರೂ ಆಗಬಹುದು. ಎರಡು ಮೂರು ತಿಂಗಳ ನಂತರ ಅವೆಲ್ಲ ಒಟ್ಟಿಗೇ ಉದುರುತ್ತವೆ. ಬಾಚಣಿಗೆ ತುಂಬ, ದಿಂಬಿನ ಮೇಲೆ, ಬಚ್ಚಲಿನ ಜಾಲರಿಯಲ್ಲಿ. ಹೆದರಿಕೆ ಆಗದೆ ಇರುತ್ತದೆಯೇ? ಮಳೆಗಾಲದಲ್ಲಿ ಜ್ವರ ಬಂದು ಹೋದದ್ದು ಅಷ್ಟರಲ್ಲಿ ಮರೆತೇ ಹೋಗಿರುತ್ತದೆ. ದಸರಾ ದೀಪಾವಳಿ ಹೊತ್ತಿಗೆ ಕ್ಲಿನಿಕ್‌ಗೆ ಓಡುತ್ತಾರೆ.

ಈ ಬಗೆಯ ಉದುರುವಿಕೆಯಲ್ಲಿ ಬೇರಿಗೆ ಏನೂ ಆಗಿರುವುದಿಲ್ಲ. ಕಾರಣ ಸರಿಹೋದರೆ ಸಾಮಾನ್ಯವಾಗಿ ಆರು ತಿಂಗಳೊಳಗೆ ಉದುರುವುದು ತಾನಾಗಿಯೇ ನಿಲ್ಲುತ್ತದೆ, ಕೂದಲು ವಾಪಸು ಬರುತ್ತದೆ. ಬಾಣಂತಿಯರಿಗೆ ಅಜ್ಜಿಯಂದಿರು ‘ಮಗು ನಗುವ ಹೊತ್ತಿಗೆ ಕೂದಲು ಉದುರುತ್ತೆ, ಆಮೇಲೆ ಬರುತ್ತೆ ಬಿಡು’ ಅನ್ನುವುದು ಇದನ್ನೇ. ಈಗ ಲೆಕ್ಕ ಹಾಕಿ. ಉದುರುವುದು ಜೋರಾಗಿದ್ದಾಗ ಪಿಆರ್‌ಪಿ ಪ್ಯಾಕೇಜ್ ಶುರು ಮಾಡಿದರು. ತಿಂಗಳಿಗೊಂದರಂತೆ ಆರು ಸಿಟ್ಟಿಂಗ್ ಮುಗಿಯುವ ಹೊತ್ತಿಗೆ ಆರು ತಿಂಗಳಾಯಿತು. ಹಳೆಯ ಫೋಟೊ, ಹೊಸ ಫೋಟೊ ಪಕ್ಕಪಕ್ಕ ಇಟ್ಟರೆ ಅದ್ಭುತ! ಕ್ಲಿನಿಕ್ಕಿಗೆ ಇದಕ್ಕಿಂತ ಒಳ್ಳೆಯ ಜಾಹೀರಾತು ಬೇಕೇ? ಅವರು ಸುಳ್ಳು ಹೇಳುತ್ತಿದ್ದಾರೆ ಎಂದೇನೂ ಅಲ್ಲ. ಆ ಫೋಟೊಗಳು ನಿಜವೇ ಇರಬಹುದು. ಕಾರಣ ಮಾತ್ರ ಬೇರೆ.

ಅದಕ್ಕೇ ಮೊದಲು ಗೊತ್ತಾಗಬೇಕಾದದ್ದು ನಿಮ್ಮದು ಯಾವ ಬಗೆಯ ಉದುರುವಿಕೆ ಎಂದು. ಚರ್ಮವೈದ್ಯರು ಚರ್ಮವನ್ನು ದೊಡ್ಡದಾಗಿ ತೋರಿಸುವ ಡರ್ಮೋಸ್ಕೋಪ್ ಇಟ್ಟು ನೆತ್ತಿಯ ಕೂದಲನ್ನೂ ತಲೆಯ ಹಿಂಭಾಗದ ಕೂದಲನ್ನೂ ಹೋಲಿಸಿ ನೋಡುತ್ತಾರೆ. ಮೇಲೆ ದಪ್ಪ ಸಣ್ಣ ಕೂದಲು ಕಲಸಿಕೊಂಡಿದ್ದು ಹಿಂದೆ ಎಲ್ಲ ದಪ್ಪಗಿದ್ದರೆ ಅದು ವಂಶದ್ದು. ಹತ್ತಾರು ಕೂದಲನ್ನು ಬೆರಳಲ್ಲಿ ಹಿಡಿದು ಮೆತ್ತಗೆ ಎಳೆದು ಎಷ್ಟು ಕೈಗೆ ಬರುತ್ತವೆ ಎಂದು ನೋಡುತ್ತಾರೆ. ಹಿಮೋಗ್ಲೋಬಿನ್, ಫೆರಿಟಿನ್ (ದೇಹದಲ್ಲಿ ಕಬ್ಬಿಣದಂಶ ಎಷ್ಟಿದೆ ಎಂದು ತೋರಿಸುವುದು), ಥೈರಾಯ್ಡ್ ಪರೀಕ್ಷೆ ಬರೆದುಕೊಡಬಹುದು. ಮುಟ್ಟು ಏರುಪೇರಾಗುವ, ಮುಖದ ಮೇಲೆ ಕೂದಲು ಬರುವ ಹೆಣ್ಣುಮಕ್ಕಳಲ್ಲಿ ಪಿಸಿಓಎಸ್ ಎಂಬ ಹಾರ್ಮೋನಿನ ತೊಂದರೆ ಇದೆಯಾ ಎಂದು ನೋಡಬೇಕು. ನಮ್ಮ ಹೆಂಗಸರಲ್ಲಿ ರಕ್ತಹೀನತೆ ಎಷ್ಟು ಸಾಮಾನ್ಯ ಎಂದು ಗೊತ್ತೇ ಇದೆ. ಕಬ್ಬಿಣದಂಶ ತಳ ಕಂಡಿರುವಾಗ ಅದೇ ರಕ್ತವನ್ನು ತೆಗೆದು ತಲೆಗೆ ಚುಚ್ಚುವುದು ಯಾವ ನ್ಯಾಯ?

ನಾಣ್ಯದಗಲ ದುಂಡಗೆ ಕೂದಲು ಹೋಗುವುದು ಇನ್ನೊಂದು ಬಗೆ. ಹಳ್ಳಿ ಕಡೆ ಹುಳು ತಿಂದಿದೆ ಅನ್ನುತ್ತಾರೆ. ಹುಳ ಏನೂ ಇಲ್ಲ, ದೇಹದ ರಕ್ಷಣಾ ವ್ಯವಸ್ಥೆಯೇ ಕೂದಲ ಬೇರಿನ ಮೇಲೆ ದಾಳಿ ಮಾಡುವುದು ಅದು. ಅದರಲ್ಲೂ ಪಿಆರ್‌ಪಿ ಪ್ರಯತ್ನಿಸಿದ್ದಾರೆ, ಇಟಲಿಯಲ್ಲಿ 2013ರಲ್ಲಿ 45 ಜನರ ಮೇಲೆ ನಡೆದ ಅಧ್ಯಯನದಲ್ಲಿ ಫಲವೂ ಕಂಡಿತು. ಆದರೂ ಸ್ಟಿರಾಯ್ಡ್ ಇಂಜೆಕ್ಷನ್ನೇ ಈಗಲೂ ಮೊದಲ ದಾರಿ.

ತಲೆಚರ್ಮದಲ್ಲಿ ಉರಿ, ತುರಿಕೆ, ಕೆಂಪು, ನುಣ್ಣಗೆ ಹೊಳೆಯುವ ಕಲೆ, ಇವು ಇದ್ದರೆ ಮಾತ್ರ ತಡ ಮಾಡಬೇಡಿ. ಬೇರುಗಳನ್ನೇ ಸುಟ್ಟುಹಾಕುವ ರೋಗಗಳಿವೆ. ಅವುಗಳಲ್ಲಿ ಹೋದ ಕೂದಲು ಮತ್ತೆ ಬಾರದು. ಪಿಆರ್‌ಪಿ ಎಂದು ನಾಲ್ಕು ತಿಂಗಳು ಕಳೆದರೆ ಉಳಿಸಿಕೊಳ್ಳಬಹುದಾಗಿದ್ದ ಜಾಗವೂ ಹೋಗುತ್ತದೆ.

ವಂಶದ ಬೋಳಿಗೆ ಏನು ನಿರೀಕ್ಷಿಸಬಹುದು

ಗಂಡಸರ ಹಣೆ ಮತ್ತು ನೆತ್ತಿಯ ಬೋಳು, ಹೆಂಗಸರ ಬೈತಲೆ ಅಗಲವಾಗುವುದು, ಇವೇ ಪಿಆರ್‌ಪಿಯ ಮುಖ್ಯ ಗಿರಾಕಿಗಳು. ಗಂಡಸರಲ್ಲಿ ಡಿಎಚ್‌ಟಿ ಎಂಬ ಹಾರ್ಮೋನಿಗೆ ನೆತ್ತಿಯ ಬೇರುಗಳು ಸೂಕ್ಷ್ಮವಾಗಿರುತ್ತವೆ. ವರ್ಷ ಕಳೆದಂತೆ ಬೇರು ಕುಗ್ಗುತ್ತದೆ, ಕೂದಲು ತೆಳ್ಳಗಾಗುತ್ತದೆ, ಗಿಡ್ಡವಾಗುತ್ತದೆ, ಕೊನೆಗೆ ಬರೀ ರೋಮ. ಪಿಆರ್‌ಪಿ ಈ ಹಾರ್ಮೋನನ್ನು ಮುಟ್ಟುವುದೇ ಇಲ್ಲ. ಕುಗ್ಗುತ್ತಿರುವ ಬೇರಿಗೆ ಒಂದಷ್ಟು ಚೈತನ್ಯ ಕೊಡುತ್ತದೆ ಅಷ್ಟೆ, ಕುಗ್ಗಿಸುವವನು ಅಲ್ಲೇ ಇರುತ್ತಾನೆ. ಪಿಆರ್‌ಪಿಯ ಮಿತಿಗಳೆಲ್ಲ ಬರುವುದು ಇಲ್ಲಿಂದಲೇ.

ಒಂದು, ಬೇರು ಜೀವಂತವಾಗಿದ್ದರೆ ಮಾತ್ರ ಫಲ. ಇತ್ತೀಚೆಗೆ ತೆಳ್ಳಗಾಗತೊಡಗಿದ ನೆತ್ತಿಗೆ ಪ್ರಯೋಜನ ಕಾಣಬಹುದು. ಹತ್ತು ವರ್ಷದಿಂದ ನುಣ್ಣಗೆ ಹೊಳೆಯುತ್ತಿರುವ ಜಾಗದಲ್ಲಿ ಕೂದಲು ಬರುವುದಿಲ್ಲ. ಅಲ್ಲಿಗೆ ಕಸಿಯೇ ಗತಿ. ಹಣೆಯ ಎರಡೂ ಮೂಲೆಗಳಿಗಿಂತ ನೆತ್ತಿಯಲ್ಲಿ ಗೆಲುವು ಜಾಸ್ತಿ. ಮತ್ತೊಂದು, ಬಂದದ್ದು ಉಳಿಯಬೇಕಾದರೆ ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಮತ್ತೆ ಚುಚ್ಚಿಸಿಕೊಳ್ಳುತ್ತಲೇ ಇರಬೇಕು. ‘ಆರು ಸಿಟ್ಟಿಂಗ್, ಆಮೇಲೆ ಜೀವನಪೂರ್ತಿ ಚಿಂತೆ ಇಲ್ಲ’ ಎಂದು ಯಾರಾದರೂ ಹೇಳಿದರೆ ಎದ್ದು ಬರುವುದು ಒಳ್ಳೆಯದು.

ತಾಳ್ಮೆಯ ಲೆಕ್ಕವನ್ನೂ ಹೇಳಬೇಕು. ಕೂದಲು ತಿಂಗಳಿಗೆ ಬೆಳೆಯುವುದು ಒಂದು ಸೆಂಟಿಮೀಟರ್ ಮಾತ್ರ. ಮೊದಲ ಕೆಲವು ವಾರದಲ್ಲಿ ಇನ್ನಷ್ಟು ಉದುರಿದರೂ ಆಶ್ಚರ್ಯವಿಲ್ಲ. ಎರಡು ಮೂರು ತಿಂಗಳಿಗೆ ಉದುರುವುದು ಕಡಿಮೆಯಾಯಿತು ಅನ್ನಿಸಬಹುದು. ಕಣ್ಣಿಗೆ ಕಾಣುವ ದಟ್ಟಣೆ ಬರುವುದಾದರೆ ನಾಲ್ಕರಿಂದ ಆರು ತಿಂಗಳಿಗೆ. ಎರಡನೇ ಸಿಟ್ಟಿಂಗ್‌ಗೇ ಕನ್ನಡಿ ಮುಂದೆ ನಿಂತು ಹುಡುಕುವುದು ವ್ಯರ್ಥ.

ಮತ್ತೆ, ಎಷ್ಟು? ಚದರ ಸೆಂಟಿಮೀಟರ್‌ಗೆ ಇಪ್ಪತ್ತೋ ಮೂವತ್ತೋ ಕೂದಲು ಹೆಚ್ಚಾದರೆ ಅದು ಒಳ್ಳೆಯ ಫಲಿತಾಂಶ. ತುಂಬಿದ ತಲೆಯಲ್ಲಿ ಅಷ್ಟೇ ಜಾಗಕ್ಕೆ ನೂರೈವತ್ತಕ್ಕೂ ಹೆಚ್ಚು ಇರುತ್ತವೆ. ತಲೆಚರ್ಮ ಸ್ವಲ್ಪ ಕಡಿಮೆ ಕಾಣಬಹುದು, ಲಿಫ್ಟಿನ ದೀಪದ ಕೆಳಗೆ ನಿಂತಾಗ ಮೊದಲಿನಷ್ಟು ಮುಜುಗರ ಆಗದಿರಬಹುದು. ಮದುವೆ ಆಲ್ಬಮ್ಮಿನ ಕೂದಲು ವಾಪಸು ಬರುವುದಿಲ್ಲ. ಒಂದಷ್ಟು ಜನಕ್ಕೆ ಏನೂ ಆಗುವುದಿಲ್ಲ, ಅದು ಯಾರಿಗೆ ಎಂದು ಮೊದಲೇ ಹೇಳುವ ಪರೀಕ್ಷೆಯೂ ಇಲ್ಲ.

ಹಾಗಾದರೆ ಹಾರ್ಮೋನನ್ನು ಮುಟ್ಟುವುದು ಯಾವುದು? ಫಿನಾಸ್ಟರೈಡ್ ಮಾತ್ರೆ. ಪ್ರಾಸ್ಟೇಟ್‌ಗೆಂದು ಬಂದದ್ದು, 1997ರಲ್ಲಿ 1 ಮಿಲಿಗ್ರಾಂ ಪ್ರಮಾಣದಲ್ಲಿ ಗಂಡಸರ ಬೋಳಿಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ಒಪ್ಪಿಗೆ ಪಡೆಯಿತು. ಮಿನಾಕ್ಸಿಡಿಲ್ ರಕ್ತದೊತ್ತಡದ ಮಾತ್ರೆಯಾಗಿ ಶುರುವಾದದ್ದು, 1988ರಲ್ಲಿ ಹಚ್ಚುವ ದ್ರವವಾಗಿ ಒಪ್ಪಿಗೆ ಪಡೆಯಿತು. ಎರಡಕ್ಕೂ ಸಾವಿರಾರು ಜನರ ಮೇಲಿನ ಅನುಭವ ಇದೆ. ಎರಡಕ್ಕೂ ತೊಂದರೆಗಳೂ ಇವೆ. ಮಿನಾಕ್ಸಿಡಿಲ್ ನಿಲ್ಲಿಸಿದರೆ ಬಂದದ್ದು ಹೋಗುತ್ತದೆ. ಫಿನಾಸ್ಟರೈಡ್‌ನಿಂದ ಕೆಲವರಿಗೆ ಲೈಂಗಿಕ ಆಸಕ್ತಿ ತಗ್ಗುತ್ತದೆ. ಸಾಯುವ ಯೋಚನೆ ಬರುವುದೂ ಅದರ ಅಡ್ಡಪರಿಣಾಮ ಎಂದು 2025ರಲ್ಲಿ ಯುರೋಪಿನ ಔಷಧ ಸಂಸ್ಥೆ ಖಚಿತಪಡಿಸಿತು. ಬಸುರಾಗುವ ಸಾಧ್ಯತೆ ಇರುವ ಹೆಂಗಸರು ಅದನ್ನು ತೆಗೆದುಕೊಳ್ಳಬಾರದು.

ಪಿಆರ್‌ಪಿ ಮಾರಾಟವಾಗುವುದೇ ಈ ಭಯದ ಮೇಲೆ. ‘ಮಾತ್ರೆ ಬೇಡ ಸರ್, ಅದು ಡೇಂಜರ್, ಇದು ನಿಮ್ಮದೇ ರಕ್ತ’ ಅನ್ನುವ ಮಾತು ಹಿತವಾಗಿ ಕೇಳುತ್ತದೆ. ಮಾತ್ರೆ ಒಗ್ಗದವರಿಗೆ, ಹೆದರಿಕೆ ಇರುವವರಿಗೆ ಪಿಆರ್‌ಪಿ ಒಂದು ದಾರಿ, ಒಪ್ಪುತ್ತೇನೆ. ಆದರೆ ನುರಿತ ಚರ್ಮವೈದ್ಯರಲ್ಲಿ ಹೆಚ್ಚಿನವರು ಇದನ್ನು ಔಷಧಿಯ ಜೊತೆಗೆ ಕೊಡುತ್ತಾರೆ, ಬದಲಿಗಲ್ಲ. ಔಷಧಿ ಬಿಡಿಸಿ ಪಿಆರ್‌ಪಿ ಒಂದನ್ನೇ ಕೊಡುವ ಕಡೆ ಯಾಕೆ ಎಂದು ಕೇಳಿ.

‘ನಿಮ್ಮದೇ ರಕ್ತ’ ಎಂದಾಕ್ಷಣ ಸುರಕ್ಷಿತವೇ?

ಸ್ವಂತ ರಕ್ತವಾದ್ದರಿಂದ ಅಲರ್ಜಿಯ ಭಯ ಕಡಿಮೆ ಅನ್ನುವುದು ನಿಜ. ಅದು ನಿಮ್ಮದೇ ರಕ್ತವಾಗಿರಬೇಕು, ಅಷ್ಟೆ. ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ಆಲ್ಬಕರ್ಕಿ ನಗರದಲ್ಲಿ ಲೈಸೆನ್ಸ್ ಇಲ್ಲದ ಒಂದು ಸ್ಪಾದಲ್ಲಿ ಮುಖಕ್ಕೆ ಪಿಆರ್‌ಪಿ ಮಾಡುತ್ತಿದ್ದರು. 2018ರಲ್ಲಿ ಅದನ್ನು ಮುಚ್ಚಿಸಿದರು. ಅಲ್ಲಿ ಮಾಡಿಸಿಕೊಂಡ ಮೂವರು ಹೆಂಗಸರಿಗೆ ಅದರಿಂದಲೇ ಎಚ್‌ಐವಿ ತಗುಲಿರಬಹುದು ಎಂದು ಅಲ್ಲಿನ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2024ರಲ್ಲಿ ವರದಿ ಮಾಡಿತು. ತನಿಖೆಯ ಹೊತ್ತಿಗೆ ಅಡುಗೆಮನೆಯ ಕೌಂಟರ್ ಮೇಲೆ ಹೆಸರಿಲ್ಲದ ರಕ್ತದ ಟ್ಯೂಬುಗಳು ಸಿಕ್ಕಿದ್ದವು.

ಒಂದೇ ದಿನ ಹತ್ತು ಜನಕ್ಕೆ ಮಾಡುವ ಕಡೆ ಟ್ಯೂಬ್ ಅದಲು ಬದಲಾಗುವುದು ಕಷ್ಟದ ಮಾತೇನಲ್ಲ. ಸೂಜಿ, ಟ್ಯೂಬ್, ಸಿರಿಂಜ್ ಇರುವ ಹೊಸ ಪ್ಯಾಕೆಟ್ ನಿಮ್ಮ ಕಣ್ಣೆದುರೇ ಒಡೆಯಬೇಕು. ಟ್ಯೂಬಿನ ಮೇಲೆ ನಿಮ್ಮ ಹೆಸರು ನೀವು ನೋಡುತ್ತಿರುವಾಗಲೇ ಬರೆಯಬೇಕು. ರಕ್ತವನ್ನು ಬೇರೆ ಕೋಣೆಗೆ ಒಯ್ದು ಅರ್ಧ ಗಂಟೆ ಬಿಟ್ಟು ಸಿರಿಂಜ್ ಹಿಡಿದು ಬಂದರೆ ಕೇಳುವ ಹಕ್ಕು ನಿಮಗಿದೆ. ಮುಜುಗರ ಪಡಬೇಡಿ.

ಪ್ಲೇಟ್‌ಲೆಟ್ ಕಡಿಮೆ ಇರುವವರು, ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ತಲೆಯಲ್ಲಿ ಕೀವು ಅಥವಾ ಸೋಂಕು ಇರುವವರು ಇದಕ್ಕೆ ಹೋಗಬಾರದು. ಬಸುರಿಯರಿಗೂ ಬೇಡ. ಆಸ್ಪಿರಿನ್, ಐಬುಪ್ರೊಫೆನ್ ತರದ ನೋವಿನ ಮಾತ್ರೆಗಳು ಪ್ಲೇಟ್‌ಲೆಟ್ ಕೆಲಸಕ್ಕೇ ಅಡ್ಡ ಬರುತ್ತವೆ, ಆದ್ದರಿಂದ ಮೊದಲೇ ಡಾಕ್ಟರಿಗೆ ಹೇಳಿ. ಹೃದಯಕ್ಕೆಂದು ಬರೆದುಕೊಟ್ಟ ಆಸ್ಪಿರಿನ್ ಅನ್ನು ಕೂದಲಿಗಾಗಿ ನೀವೇ ನಿಲ್ಲಿಸುವ ಹುಚ್ಚು ಬೇಡ.

‘ಎಫ್‌ಡಿಎ ಅಪ್ರೂವ್ಡ್’ ಎಂಬ ಬೋರ್ಡನ್ನೂ ಬಿಡಿಸಿ ನೋಡಬೇಕು. ಅಮೆರಿಕದಲ್ಲಿ ರಕ್ತದಿಂದ ಪ್ಲೇಟ್‌ಲೆಟ್ ಬೇರ್ಪಡಿಸುವ ಹಲವು ಕಿಟ್‌ಗಳಿಗೆ ಎಫ್‌ಡಿಎ ಅನುಮತಿ ಇದೆ, ಬಹುತೇಕ ಮೂಳೆ ಆಪರೇಷನ್‌ನಲ್ಲಿ ಕಸಿಯ ಜೊತೆ ಬೆರೆಸಲಿಕ್ಕೆ. ಕೂದಲು ಬೆಳೆಸಲಿಕ್ಕೆ ಪಿಆರ್‌ಪಿಗೆ ಅದು ಒಪ್ಪಿಗೆ ಕೊಟ್ಟಿಲ್ಲ. ವೈದ್ಯರು ತಮ್ಮ ವಿವೇಚನೆಯಿಂದ ಬಳಸಬಹುದು, ಆ ಮಾತು ಬೇರೆ. ನಮ್ಮಲ್ಲಿ ಒಂದು ವಿಚಿತ್ರ ಇದೆ. 1945ರ ಔಷಧ ನಿಯಮಗಳ ಜೆ ಪರಿಶಿಷ್ಟದಲ್ಲಿ, ವಾಸಿ ಮಾಡುತ್ತೇವೆ ಎಂದು ಯಾವ ಔಷಧಿಯೂ ಹೇಳಿಕೊಳ್ಳಬಾರದ ಕಾಯಿಲೆಗಳ ಪಟ್ಟಿ ಇದೆ. ಬೊಕ್ಕತಲೆ ಆ ಪಟ್ಟಿಯಲ್ಲಿದೆ. ಆ ನಿಯಮ ಇರುವುದು ಔಷಧಿಗೆ. ರೋಗಿಯ ರಕ್ತವನ್ನೇ ತೆಗೆದು ಚುಚ್ಚುವ ಕ್ಲಿನಿಕ್ಕಿನ ಬೋರ್ಡು ಅದರ ಬಲೆಗೆ ಅಷ್ಟು ಸುಲಭವಾಗಿ ಬೀಳುವುದಿಲ್ಲ.

ಚುಚ್ಚುವವರು ಯಾರು ಅನ್ನುವುದು ಇನ್ನೂ ದೊಡ್ಡ ಪ್ರಶ್ನೆ. ಕೂದಲು ಕಸಿ ಮತ್ತು ಸೌಂದರ್ಯದ ಚಿಕಿತ್ಸೆಗಳನ್ನು ತರಬೇತಿ ಪಡೆದ ನೋಂದಾಯಿತ ವೈದ್ಯರೇ ಮಾಡಬೇಕು, ಯೂಟ್ಯೂಬ್ ನೋಡಿ ಕಲಿತರೆ ಸಾಲದು ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳಬೇಕಾಗಿ ಬಂತು. ಹಾಗೆ ಬರೆಯಬೇಕಾಗಿ ಬಂತೆಂದರೆ ಪರಿಸ್ಥಿತಿ ಎಲ್ಲಿಗೆ ಮುಟ್ಟಿತ್ತು ನೋಡಿ. ಕರ್ನಾಟಕದಲ್ಲಿ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ (ಕೆಪಿಎಂಇ) ಪ್ರಕಾರ ಖಾಸಗಿ ಕ್ಲಿನಿಕ್‌ಗಳು ನೋಂದಣಿ ಮಾಡಿಸಬೇಕು, ನೋಂದಣಿ ಪತ್ರ ಮತ್ತು ದರಪಟ್ಟಿಯನ್ನು ಕಾಣುವಂತೆ ಹಾಕಬೇಕು. ಸಲೂನ್ ಜೊತೆಗೆ ನಡೆಯುವ ‘ಹೇರ್ ಸ್ಟುಡಿಯೊ’ದಲ್ಲಿ ಆ ಪತ್ರ ಹುಡುಕಿ, ಸಿಕ್ಕರೆ ಒಳ್ಳೆಯದು.

ದುಡ್ಡಿನ ಮಾತು

ಒಂದು ಸಿಟ್ಟಿಂಗ್‌ಗೆ ಮೂರ್ನಾಲ್ಕು ಸಾವಿರದಿಂದ ಹತ್ತು ಸಾವಿರ, ದೊಡ್ಡ ಹೆಸರಿನ ಕಡೆ ಅದಕ್ಕೂ ಮೇಲೆ. ಐದು ಸಾವಿರದಂತೆ ಹಿಡಿದರೂ ಆರಕ್ಕೆ ಮೂವತ್ತು ಸಾವಿರ, ಆಮೇಲೆ ವರ್ಷಕ್ಕೆ ಒಂದೆರಡು. ಮಿನಾಕ್ಸಿಡಿಲ್, ಫಿನಾಸ್ಟರೈಡ್ ಎರಡೂ ಸೇರಿ ತಿಂಗಳಿಗೆ ಸಾವಿರದ ಆಸುಪಾಸು. ಅಂದರೆ ಒಂದು ಪ್ಯಾಕೇಜಿನ ದುಡ್ಡಿನಲ್ಲಿ ಎರಡು ವರ್ಷಕ್ಕೂ ಹೆಚ್ಚು ಔಷಧಿ ಬರುತ್ತದೆ. ಕೂದಲಿಗೆ ಮಾಡಿಸುವ ಪಿಆರ್‌ಪಿಗೆ ಆರೋಗ್ಯ ವಿಮೆ ಸಿಗುವುದಿಲ್ಲ ಎಂದೇ ಇಟ್ಟುಕೊಳ್ಳಿ.

ಪಿಆರ್‌ಪಿ ಮಾಮೂಲಾಯಿತು ಅನ್ನುವ ಹೊತ್ತಿಗೆ ಮೇಲಿನ ಮೆಟ್ಟಿಲುಗಳು ಬಂದಿವೆ. ಜಿಎಫ್‌ಸಿ, ಅಂದರೆ ಪ್ಲೇಟ್‌ಲೆಟ್ ಒಡೆದು ಗ್ರೋತ್ ಫ್ಯಾಕ್ಟರ್ ಮಾತ್ರ ತೆಗೆದದ್ದು. ದರ ಜಾಸ್ತಿ. ಪಿಆರ್‌ಪಿಗಿಂತ ಮೇಲು ಎಂದು ಅಷ್ಟು ಗಟ್ಟಿಯಾಗಿ ಹೇಳುವಷ್ಟು ಪುರಾವೆ ಅದರ ಹಿಂದಿಲ್ಲ. ‘ಸ್ಟೆಮ್ ಸೆಲ್’ ಹೆಸರಿನ ಚಿಕಿತ್ಸೆ ಇನ್ನೂ ದುಬಾರಿ. 2017ರ ನಮ್ಮ ರಾಷ್ಟ್ರೀಯ ಮಾರ್ಗಸೂಚಿಯಲ್ಲಿ ಕೂದಲಿಗೆ ಸ್ಟೆಮ್ ಸೆಲ್ ಒಪ್ಪಿತ ಚಿಕಿತ್ಸೆಯೇ ಅಲ್ಲ. ಎಕ್ಸೋಸೋಮ್ (ಜೀವಕೋಶಗಳು ಹೊರಬಿಡುವ ಅತಿ ಸಣ್ಣ ಚೀಲಗಳು) ಎಂದು ಮಾರುವುದು ನಿಮ್ಮ ರಕ್ತದಿಂದ ಬಂದದ್ದೂ ಅಲ್ಲ, ಸೀಸೆಯಲ್ಲಿ ಬರುತ್ತದೆ. ಅಂಥ ಯಾವ ಉತ್ಪನ್ನಕ್ಕೂ ತಾನು ಒಪ್ಪಿಗೆ ಕೊಟ್ಟಿಲ್ಲ ಎಂದು ಎಫ್‌ಡಿಎ 2019ರಲ್ಲೇ ಎಚ್ಚರಿಸಿತ್ತು.

ಎಲ್ಲ ತಿಳಿದೂ ಮಾಡಿಸುವ ಮನಸ್ಸಿದ್ದರೆ ತಪ್ಪೇನಿಲ್ಲ. ಆರರ ಪ್ಯಾಕೇಜಿಗೆ ಮುಂಗಡ ಕಟ್ಟಬೇಡಿ, ಒಂದೊಂದಕ್ಕೇ ಕೊಡಿ, ಮೂರಕ್ಕೆ ಒಪ್ಪಿಕೊಳ್ಳಿ. ಎಷ್ಟು ರಕ್ತ ತೆಗೆಯುತ್ತೀರಿ, ಎಷ್ಟು ಸಲ ತಿರುಗಿಸುತ್ತೀರಿ, ಪ್ಲೇಟ್‌ಲೆಟ್ ಎಣಿಸುತ್ತೀರಾ ಎಂದು ಕೇಳಿ. ಉತ್ತರ ಡಾಕ್ಟರಿಂದ ಬರಬೇಕು, ರಿಸೆಪ್ಷನ್‌ನಿಂದಲ್ಲ. ಮೊದಲ ದಿನವೇ ನಿಮ್ಮ ಫೋನ್‌ನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಒಂದೇ ಜಾಗ, ಒಂದೇ ದೀಪ, ಒಣಗಿದ ಕೂದಲು, ಅದೇ ಬೈತಲೆ. ಕ್ಲಿನಿಕ್ಕಿನ ಫೋಟೊಗಳಲ್ಲಿ ಮೊದಲನೆಯದು ಒದ್ದೆ ತಲೆಯದ್ದು, ಎರಡನೆಯದು ಒಣಗಿಸಿ ಬಾಚಿದ್ದು ಆಗಿರುವುದೂ ಉಂಟು.

ಆರು ತಿಂಗಳ ಹೊತ್ತಿಗೆ ನಿಮ್ಮ ಫೋಟೊದಲ್ಲಿ ಬದಲಾವಣೆ ಕಂಡರೆ ವರ್ಷಕ್ಕೊಮ್ಮೆ ಮುಂದುವರಿಸುವ ಬಗ್ಗೆ ಮಾತಾಡಿ. ಕಾಣದಿದ್ದರೆ ‘ಇನ್ನೂ ನಾಲ್ಕು ಮಾಡೋಣ’ ಅಂತಲೋ ‘ಜಿಎಫ್‌ಸಿಗೆ ಹೋಗೋಣ’ ಅಂತಲೋ ಹೇಳುವ ಸಂಭವ ಜಾಸ್ತಿ. ಅಲ್ಲಿಗೆ ನಿಲ್ಲಿಸಿ, ಪ್ಯಾಕೇಜ್ ಮಾರದ ಇನ್ನೊಬ್ಬ ಚರ್ಮವೈದ್ಯರ ಹತ್ತಿರ ಹೋಗಿ. ಔಷಧಿ ಸರಿಯಾಗಿ ಬಳಸಿದ್ದೀರಾ, ರೋಗ ಗುರುತಿಸಿದ್ದೇ ತಪ್ಪಾಗಿತ್ತಾ ಎಂದು ಅವರು ಮೊದಲಿನಿಂದ ನೋಡಲಿ, ಬೇಕಾದರೆ ತಲೆಚರ್ಮದ ಬಯಾಪ್ಸಿ ಮಾಡಲಿ.